ಅಂತರದ ಅಳತೆ: ಕ್ಯಾಂಪಿನಿಂದ ಖಾನಾಪುರದವರೆಗೆ

ಔಷಧವೂ ಲಸಿಕೆಯೂ ಕೈಗೆ ಬಾರದ ಕಾಲದಲ್ಲಿ ಒಬ್ಬರಿಂದೊಬ್ಬರಿಗೆ ಹರಡುವ ರೋಗವನ್ನು ತಡೆಯಲು ಸರ್ಕಾರಗಳ ಬಳಿ ಉಳಿಯುವ ಉಪಾಯವೆಂದರೆ ಜನರು ಪರಸ್ಪರ ಕೂಡುವ ಸಂದರ್ಭಗಳನ್ನು ಕಡಿಮೆ ಮಾಡುವುದು. ಶಾಲೆ ಮುಚ್ಚುವುದು, ಸಂತೆ ನಿಲ್ಲಿಸುವುದು, ಬಸ್ಸು ರೈಲುಗಳನ್ನು ತಡೆಯುವುದು, ಮದುವೆಗೆ ಬರುವವರ ಸಂಖ್ಯೆಗೆ ಮಿತಿ ಹಾಕುವುದು, ಸೋಂಕು ಕಂಡ ಓಣಿಗೆ ಅಡ್ಡಗಟ್ಟೆ ಕಟ್ಟುವುದು, ಇವೆಲ್ಲವೂ ಸೇರಿ ಸಾಮಾಜಿಕ ಅಂತರದ ನೀತಿ ಎನಿಸಿಕೊಳ್ಳುತ್ತವೆ. ಈ ನೀತಿಯಿಂದ ಜನರ ಓಡಾಟ ಹೇಗೆ ಬದಲಾಗುತ್ತದೆ, ಬದಲಾದ ಓಡಾಟದಿಂದ ರೋಗ ಎಷ್ಟರಮಟ್ಟಿಗೆ ತಗ್ಗುತ್ತದೆ ಎಂಬ ಪ್ರಶ್ನೆಯನ್ನು ಪರಿಶೀಲಿಸಲು ಬೆಳಗಾವಿಯ ಕ್ಯಾಂಪ್ ಪ್ರದೇಶವೂ, ಅದರ ಮಗ್ಗುಲಲ್ಲೇ ಹಾಯುವ ರಸ್ತೆ ಹಿಡಿದು ಹೋದರೆ ಸುಮಾರು 26 ಕಿಲೋಮೀಟರ್ ದೂರದಲ್ಲಿ ಸಿಗುವ ಖಾನಾಪುರವೂ ಬಹಳ ಯೋಗ್ಯವಾದ ನೆಲೆಗಳು. ಒಂದು, ಅಂತರ ಕಾಯ್ದುಕೊಳ್ಳುವ ಉದ್ದೇಶದಿಂದಲೇ ಹುಟ್ಟಿದ ವಸತಿ. ಇನ್ನೊಂದು, ಓಡಾಟವಿಲ್ಲದೆ ಬದುಕು ಸಾಗದ ಕಾಡಂಚಿನ ತಾಲೂಕು.

ಬೆಳಗಾವಿಯ ಕೋಟೆ 1818ರಲ್ಲಿ ಇಂಗ್ಲಿಷರ ಕೈಸೇರಿದ ಮೇಲೆ ಅದರ ಪಶ್ಚಿಮಕ್ಕೆ ಬೆಳೆದ ದಂಡಿನ ನೆಲೆಯೇ ಇಂದಿನ ಕ್ಯಾಂಪ್. ಊರಿನ ಗಲ್ಲಿಗಳಿಂದ ಬೇರೆಯಾಗಿ, ಅಗಲವಾದ ಬೀದಿಗಳು, ನಡುವೆ ಖಾಲಿ ಬಯಲು, ದೊಡ್ಡ ಆವರಣಗಳ ನಡುವೆ ಬಂಗಲೆಗಳು, ಇದು ಅಲ್ಲಿನ ವಿನ್ಯಾಸ. ಇಂಥ ವಿನ್ಯಾಸಕ್ಕೆ ಸೇನೆಯ ಶಿಸ್ತು ಒಂದು ಕಾರಣವಾದರೆ ರೋಗದ ಭಯ ಇನ್ನೊಂದು. ಭಾರತದಲ್ಲಿದ್ದ ಬ್ರಿಟಿಷ್ ಸೈನ್ಯದ ಆರೋಗ್ಯ ಸ್ಥಿತಿಯನ್ನು ಪರಿಶೀಲಿಸಿದ ರಾಯಲ್ ಕಮಿಷನ್ 1863ರಲ್ಲಿ ವರದಿ ಕೊಟ್ಟಾಗ, ಪ್ರತಿ ಸಾವಿರ ಬ್ರಿಟಿಷ್ ಸೈನಿಕರಲ್ಲಿ ವರ್ಷಕ್ಕೆ 69 ಮಂದಿ ಸಾಯುತ್ತಿದ್ದರೆಂದೂ ಆ ಸಾವುಗಳಲ್ಲಿ ಬಹುಪಾಲು ಯುದ್ಧದಿಂದಲ್ಲ, ರೋಗದಿಂದ ಎಂದೂ ತಿಳಿಯಿತು. ಕೆಟ್ಟ ಗಾಳಿಯೇ ಕಾಲರಾಕ್ಕೆ ಮೂಲವೆಂದು ಆಗ ನಂಬಿದ್ದರಿಂದ, ಬ್ಯಾರಕ್ಕಿನಲ್ಲಿ ಕಾಲರಾ ಕಾಣಿಸಿದ ಕೂಡಲೇ ಪಡೆಯನ್ನು ಡೇರೆಗಳ ಸಮೇತ ದೂರದ ಬಯಲಿಗೆ ನಡೆಸಿಕೊಂಡು ಹೋಗುವುದು ದಂಡಿನ ನೆಲೆಗಳಲ್ಲೆಲ್ಲ ರೂಢಿಯಾಗಿತ್ತು. ಕಾಲರಾ ಹರಡುವುದು ಗಾಳಿಯಿಂದಲ್ಲ, ಮಲಿನ ನೀರಿನಿಂದ. ಆದರೂ ಈ ಸ್ಥಳಾಂತರದಿಂದ ಕೆಲವೊಮ್ಮೆ ಪ್ರಯೋಜನವಾದದ್ದುಂಟು, ಏಕೆಂದರೆ ಬ್ಯಾರಕ್ ಬಿಟ್ಟವರು ಬ್ಯಾರಕ್ಕಿನ ಬಾವಿಯನ್ನೂ ಬಿಟ್ಟಿರುತ್ತಿದ್ದರು. ಹೊಸ ಬಯಲಿನ ನೀರೂ ಕೆಟ್ಟಿದ್ದರೆ ಮಾತ್ರ ಅಷ್ಟು ದೂರ ನಡೆದದ್ದೂ ವ್ಯರ್ಥವಾಗುತ್ತಿತ್ತು. ಎಷ್ಟು ದೂರ ಹೋದರೆಂಬುದಕ್ಕಿಂತ ಯಾವುದರಿಂದ ದೂರವಾದರೆಂಬುದೇ ಮುಖ್ಯವೆಂಬ ಸಂಗತಿ ಅಂದಿನ ಅಧಿಕಾರಿಗಳಿಗೆ ಹೊಳೆಯಲು ಇನ್ನೂ ಕೆಲವು ದಶಕಗಳು ಬೇಕಾದವು.

ಆ ಪಾಠವನ್ನು ಈ ಸೀಮೆಗೆ ಕಲಿಸಿದ್ದು ಪ್ಲೇಗು. 1896ರಲ್ಲಿ ಮುಂಬಯಿಯಲ್ಲಿ ಕಾಣಿಸಿಕೊಂಡ ಆ ರೋಗ ಅಲ್ಲಿಂದ ರೈಲು ದಾರಿಗಳನ್ನು ಹಿಡಿದು ಮುಂಬಯಿ ಪ್ರಾಂತದ ದಕ್ಷಿಣ ಜಿಲ್ಲೆಗಳಿಗೆ ಇಳಿಯಿತು. ಹುಬ್ಬಳ್ಳಿ 1898ರಲ್ಲಿ ತತ್ತರಿಸಿತು. ಅದೇ ವರ್ಷದ ಆಗಸ್ಟಿನಲ್ಲಿ ಅದು ರೈಲ್ವೆಯ ಸಂಪರ್ಕದಿಂದಲೇ ಬೆಂಗಳೂರನ್ನು ತಲುಪಿತು. ಬೆಳಗಾವಿ, ಧಾರವಾಡ ಜಿಲ್ಲೆಗಳು ಮುಂದೆ ಬಹುಕಾಲ ಅದರ ಹಾವಳಿಯನ್ನು ಅನುಭವಿಸಿದವು. 1897ರ ಫೆಬ್ರುವರಿಯಲ್ಲಿ ಜಾರಿಗೆ ಬಂದ ಸಾಂಕ್ರಾಮಿಕ ರೋಗಗಳ ಕಾಯಿದೆ ಪ್ರಯಾಣಿಕರನ್ನು ನಿಲ್ದಾಣಗಳಲ್ಲಿ ತಪಾಸಣೆ ಮಾಡುವ, ಸಂಶಯ ಬಂದವರನ್ನು ತಡೆದಿಡುವ, ಮನೆಗಳನ್ನು ತೆರವು ಮಾಡಿಸುವ ಅಧಿಕಾರವನ್ನು ಸರ್ಕಾರಕ್ಕೆ ಕೊಟ್ಟಿತು. ರೈಲಿನಿಂದ ಜನರನ್ನು ಇಳಿಸಿ ಕಂಕುಳು ಮುಟ್ಟಿ ನೋಡಿದ ತಪಾಸಣೆ ಅಪಮಾನವನ್ನು ಉಂಟುಮಾಡಿದಷ್ಟು ರೋಗವನ್ನು ತಡೆಯಲಿಲ್ಲ. ಊರು ಬಿಟ್ಟು ಹೊಲಗಳಲ್ಲಿ ಗುಡಿಸಲು ಹಾಕಿಕೊಂಡ ಜನ ಮಾತ್ರ ಬಹುಮಟ್ಟಿಗೆ ಬದುಕಿಕೊಂಡರು. ಕಾರಣ ಆಮೇಲೆ ತಿಳಿಯಿತು. ಇಲಿಯ ಮೈಮೇಲಿನ ಚಿಗಟ ಈ ರೋಗವನ್ನು ಮನುಷ್ಯನಿಗೆ ದಾಟಿಸುತ್ತದೆಂದು ಫ್ರೆಂಚ್ ವೈದ್ಯ ಪಾಲ್-ಲೂಯಿ ಸಿಮಾಂಡ್ 1898ರಲ್ಲಿ ಕರಾಚಿಯಲ್ಲಿ ತೋರಿಸಿಕೊಟ್ಟನು. ಎಂದರೆ, ತಪಾಸಣೆ ಮಾಡಿದ್ದು ಮನುಷ್ಯರನ್ನು, ಆದರೆ ರೋಗ ಸಾಗಿದ್ದು ಹೆಚ್ಚಾಗಿ ಇಲಿ ಚಿಗಟಗಳು ಸೇರಿಕೊಂಡಿದ್ದ ಸರಕು ಸಾಮಾನುಗಳ ಜೊತೆಗೆ. ಪ್ಲೇಗಿನ ಕಾಲದಲ್ಲಿ ಬೇಕಾಗಿದ್ದ ಅಂತರ ನೆರೆಯವರಿಂದಲ್ಲ, ಇಲಿ ಬಿದ್ದ ಮನೆಯಿಂದ. ಇಲಿ ಸತ್ತರೆ ಮನೆ ಬಿಡಬೇಕೆಂಬ ತಿಳಿವಳಿಕೆ ಹಳ್ಳಿಗಳ ಜನರಲ್ಲಿ ಪ್ಲೇಗ್ ಆಯೋಗಗಳ ವರದಿಗಿಂತ ಮೊದಲೇ ಇತ್ತೆಂಬುದನ್ನು ಇಲ್ಲಿ ಗೌರವದಿಂದ ನೆನೆಯಬೇಕು.

ಮುಂಬಯಿಯ ಆ ಪ್ಲೇಗಿನ ಅಂಕಿಗಳೇ ಸಾಂಕ್ರಾಮಿಕ ರೋಗದ ಗಣಿತಕ್ಕೆ ಆಧಾರವಾದದ್ದು ವಿಜ್ಞಾನದ ಇತಿಹಾಸದಲ್ಲಿ ಗಮನಿಸಬೇಕಾದ ಸಂಗತಿ. ಕಸೌಲಿಯ ಪಾಶ್ಚರ್ ಸಂಸ್ಥೆಯಲ್ಲಿ ಕೆಲಸ ಮಾಡಿದ್ದ ವೈದ್ಯ ಮೆಕೆಂಡ್ರಿಕ್ ಮತ್ತು ರಸಾಯನ ವಿಜ್ಞಾನಿ ಕರ್ಮ್ಯಾಕ್ 1927ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ, ತಮ್ಮ ಸಮೀಕರಣವನ್ನು 1905ರ ಡಿಸೆಂಬರಿನಿಂದ 1906ರ ಜುಲೈವರೆಗಿನ ಮುಂಬಯಿಯ ಪ್ಲೇಗ್ ಸಾವುಗಳ ಪಕ್ಕದಲ್ಲಿಟ್ಟು ನೋಡಿದರು. ಅವರ ಚಿಂತನೆಯ ಸಾರವೆಂದರೆ, ಜನರನ್ನು ಸೋಂಕು ತಗುಲಬಹುದಾದವರು, ಸೋಂಕು ತಗುಲಿದವರು, ಚೇತರಿಸಿಯೋ ಸತ್ತೋ ಸೋಂಕಿನ ಸರಪಳಿಯಿಂದ ಹೊರಗಾದವರು ಎಂಬ ಮೂರು ಗುಂಪುಗಳಾಗಿ ವಿಂಗಡಿಸಿದರೆ, ಮೊದಲ ಗುಂಪಿನಿಂದ ಎರಡನೆಯದಕ್ಕೆ ಜನ ಜಾರುವ ವೇಗವು ಆ ಎರಡು ಗುಂಪಿನವರು ಎಷ್ಟು ಸಲ ಎದುರಾಗುತ್ತಾರೆಂಬುದನ್ನು ಅವಲಂಬಿಸುತ್ತದೆ. ಇಲಿಯ ರೋಗಕ್ಕೆ ಮನುಷ್ಯರ ಭೇಟಿಯ ಲೆಕ್ಕವನ್ನು ಹಚ್ಚಿದ್ದು ಸರಳೀಕರಣವೇ ಆದರೂ, ಉಸಿರಿನಿಂದ ಹರಡುವ ರೋಗಗಳಿಗೆ ಅದು ಚೆನ್ನಾಗಿ ಹೊಂದುತ್ತದೆ. ಒಬ್ಬ ಸೋಂಕಿತನು ಸರಾಸರಿ ಎಷ್ಟು ಮಂದಿಗೆ ಸೋಂಕು ದಾಟಿಸುತ್ತಾನೆಂಬ ಸಂಖ್ಯೆಯನ್ನು ಪುನರುತ್ಪಾದನಾ ಸಂಖ್ಯೆ ಎನ್ನುತ್ತಾರೆ. ಅದು ಒಂದಕ್ಕಿಂತ ಹೆಚ್ಚಿದ್ದರೆ ರೋಗ ಬೆಳೆಯುತ್ತದೆ, ಒಂದಕ್ಕಿಂತ ಕೆಳಗಿಳಿದರೆ ತಾನಾಗಿ ಕ್ಷೀಣಿಸುತ್ತದೆ. ಕೋವಿಡ್‌ನ ಮೊದಲ ರೂಪಕ್ಕೆ ಈ ಸಂಖ್ಯೆ ಸುಮಾರು ಎರಡೂವರೆ ಎಂದು ಹಿಡಿದರೆ, ಜನರ ಭೇಟಿಗಳಲ್ಲಿ ಶೇಕಡಾ 60ಕ್ಕಿಂತ ಹೆಚ್ಚು ಕಡಿತವಾದಾಗ ಮಾತ್ರ ಅದು ಒಂದರ ಕೆಳಗೆ ಇಳಿಯುತ್ತದೆ. ಶೇಕಡಾ 30ರಷ್ಟು ಕಡಿತವಾದರೆ ರೋಗ ನಿಧಾನವಾಗುತ್ತದೆಯೇ ಹೊರತು ನಿಲ್ಲುವುದಿಲ್ಲ.

ಗುಂಪಿನ ಗಾತ್ರಕ್ಕೂ ಈ ಲೆಕ್ಕಕ್ಕೂ ನಿಕಟ ಸಂಬಂಧವಿದೆ. ಒಂದೆಡೆ 50 ಜನ ಸೇರಿದರೆ ಅವರ ನಡುವೆ ಸಾಧ್ಯವಿರುವ ಜೋಡಿ ಭೇಟಿಗಳು 1,225. ಅದೇ ಚಪ್ಪರದ ಕೆಳಗೆ 500 ಜನ ಸೇರಿದರೆ ಆ ಸಂಖ್ಯೆ 1,24,750ಕ್ಕೆ ಏರುತ್ತದೆ. ಜನ ಹತ್ತು ಪಟ್ಟು ಹೆಚ್ಚಿದರೆ ಭೇಟಿಯ ಅವಕಾಶ ಸುಮಾರು ನೂರು ಪಟ್ಟು ಹೆಚ್ಚುತ್ತದೆ. ಎಲ್ಲರೂ ಎಲ್ಲರನ್ನೂ ಮಾತಾಡಿಸುವುದಿಲ್ಲ ನಿಜ, ಆದರೆ ಕೋವಿಡ್ ಕಾಲದಲ್ಲಿ ಮದುವೆಯ ಜನಕ್ಕೆ 50ರ ಮಿತಿ ಹಾಕಿದ ನಿಯಮ ಅನೇಕರಿಗೆ ಕಂಡಂತೆ ಬರೀ ಅಧಿಕಾರಿಗಳ ಹಟವಾಗಿರಲಿಲ್ಲ.

2020ರ ಮಾರ್ಚ್ 25ರಂದು ದೇಶವೆಲ್ಲ ಲಾಕ್‌ಡೌನ್ ಆದಾಗ ಓಡಾಟ ಎಷ್ಟು ಕುಗ್ಗಿತೆಂಬುದನ್ನು ಮೊಬೈಲ್ ಫೋನುಗಳ ನೆಲೆಯನ್ನು ಒಟ್ಟುಗೂಡಿಸಿ ಗೂಗಲ್ ಸಂಸ್ಥೆ ಪ್ರಕಟಿಸತೊಡಗಿತು. ಆ ವರ್ಷದ ಜನವರಿ 3ರಿಂದ ಫೆಬ್ರುವರಿ 6ರವರೆಗಿನ ಸಾಮಾನ್ಯ ದಿನಗಳನ್ನು ಅಳತೆಗೋಲಾಗಿ ಇಟ್ಟುಕೊಂಡು ನೋಡಿದಾಗ, ಮಾರ್ಚ್ 29ರ ಹೊತ್ತಿಗೆ ಭಾರತದಲ್ಲಿ ಅಂಗಡಿ ಮತ್ತು ಮನರಂಜನೆಯ ಸ್ಥಳಗಳಿಗೆ ಹೋಗುವುದು ಶೇಕಡಾ 77ರಷ್ಟು, ಬಸ್ಸು ರೈಲು ನಿಲ್ದಾಣಗಳಿಗೆ ಹೋಗುವುದು ಶೇಕಡಾ 71ರಷ್ಟು, ಕೆಲಸದ ಸ್ಥಳಗಳಿಗೆ ಹೋಗುವುದು ಶೇಕಡಾ 47ರಷ್ಟು ಇಳಿದಿತ್ತು. ಮನೆಯಲ್ಲಿ ಕಳೆಯುವ ಹೊತ್ತು ಶೇಕಡಾ 22ರಷ್ಟು ಏರಿತ್ತು. ಇಷ್ಟು ವಿಶಾಲವಾದ ದೇಶ ಒಂದೇ ವಾರದಲ್ಲಿ ಹೀಗೆ ನಿಂತದ್ದು ಹಿಂದೆಂದೂ ದಾಖಲಾಗಿರಲಿಲ್ಲ. ಆದರೆ ಈ ಅಂಕಿಗಳು ಸ್ಮಾರ್ಟ್‌ಫೋನ್ ಇದ್ದವರ ಓಡಾಟವನ್ನಷ್ಟೇ ಹೇಳುತ್ತವೆ. ಖಾನಾಪುರ ತಾಲೂಕಿನ ಭೀಮಗಡದ ಕಾಡಿನೊಳಗಿನ ಹಳ್ಳಿಗಳಂಥ, ನೆಟ್‌ವರ್ಕ್ ಸರಿಯಾಗಿ ಸಿಗದ ಕಡೆಗಳಲ್ಲಿ ಯಾರು ಎಲ್ಲಿಗೆ ನಡೆದರೆಂಬುದು ಆ ನಕ್ಷೆಯಲ್ಲಿ ಮೂಡಲಿಲ್ಲ, ಮತ್ತು ಆ ದಿನಗಳಲ್ಲಿ ಅತಿ ದೂರ ನಡೆದವರಲ್ಲಿ ಹಲವರು ಆ ನಕ್ಷೆಯ ಹೊರಗಿನವರೇ ಆಗಿದ್ದರು.

ಬೆಳಗಾವಿ ಜಿಲ್ಲೆಯ ಮೊದಲ ಪ್ರಕರಣಗಳು ಏಪ್ರಿಲ್ ಮೊದಲ ವಾರದಲ್ಲಿ ದೃಢಪಟ್ಟಾಗ ಕ್ಯಾಂಪ್ ಪ್ರದೇಶವೂ ಸೀಲ್‌ಡೌನ್ ಆದ ಸ್ಥಳಗಳಲ್ಲಿ ಒಂದಾಗಿತ್ತು. ಹಿರೇಬಾಗೇವಾಡಿ ಮತ್ತು ರಾಯಬಾಗ ತಾಲೂಕಿನ ಕುಡಚಿಯಲ್ಲಿ ಸೋಂಕು ಇನ್ನಷ್ಟು ಹಬ್ಬಿತು. ಸೀಲ್‌ಡೌನ್ ಎಂದರೆ ಸೋಂಕಿತರ ಮನೆಯ ಸುತ್ತಲ ಪ್ರದೇಶವನ್ನು ಕಂಟೈನ್‌ಮೆಂಟ್ ವಲಯವೆಂದು ಗುರುತಿಸಿ, ಅದರ ಬಾಯಿಗಳನ್ನೆಲ್ಲ ಮುಚ್ಚಿ, ಹಾಲು ದಿನಸಿಗಳನ್ನು ಒಳಗೇ ಮುಟ್ಟಿಸಿ, ಆಶಾ ಕಾರ್ಯಕರ್ತೆಯರಿಂದ ಮನೆಮನೆಯ ಜ್ವರ ಕೆಮ್ಮಿನ ವಿವರ ಪಡೆಯುವ ವ್ಯವಸ್ಥೆ. ಸೋಂಕು ಒಳಹೊಕ್ಕ ಮೇಲೆ ಲಕ್ಷಣ ಕಾಣಲು ಸರಾಸರಿ ಐದು ದಿನ, ಕೆಲವರಲ್ಲಿ 14 ದಿನದವರೆಗೂ ಹಿಡಿಯುತ್ತದೆ. ಲಕ್ಷಣ ಕಾಣುವುದಕ್ಕೆ ಎರಡು ದಿನ ಮೊದಲೇ ಅದು ಇನ್ನೊಬ್ಬರಿಗೆ ದಾಟತೊಡಗುತ್ತದೆ. ಹೀಗಾಗಿ ಬೀದಿ ಮುಚ್ಚಿದ ದಿನದಿಂದ ಸುಮಾರು ಎರಡು ವಾರ ಪ್ರಕರಣಗಳು ಏರುತ್ತಲೇ ಹೋದದ್ದು ನೀತಿಯ ಸೋಲಾಗಿರಲಿಲ್ಲ, ಮುಚ್ಚುವ ಮೊದಲೇ ಆಗಿದ್ದ ಸೋಂಕುಗಳು ಬೆಳಕಿಗೆ ಬರುತ್ತಿದ್ದವು. ಜನ ಇದನ್ನು ತಿಳಿಯದೆ ಸೋಂಕಿತ ಮನೆಗಳನ್ನೂ ಕೋಮುಗಳನ್ನೂ ದೂಷಿಸಿದ್ದು ಆ ತಿಂಗಳುಗಳ ದುಃಖದ ಸಂಗತಿ, ಮತ್ತು ಅದರಿಂದ ರೋಗಕ್ಕೇ ಸಹಾಯವಾಯಿತು, ಏಕೆಂದರೆ ದೂಷಣೆಗೆ ಹೆದರಿದವರು ಜ್ವರವನ್ನು ಮುಚ್ಚಿಟ್ಟರು.

ಕ್ಯಾಂಪಿನೊಳಗೇ ಅಂತರದ ಅರ್ಥ ಎಲ್ಲರಿಗೂ ಒಂದೇ ಆಗಿರಲಿಲ್ಲ. ಬಂಗಲೆಯ ಆವರಣದಲ್ಲಿ ವಾಸಿಸುವ ಕುಟುಂಬಕ್ಕೆ ಮನೆಯಲ್ಲಿ ಇರಿ ಎಂಬ ಆದೇಶ ನಿಜವಾಗಿಯೂ ಅಂತರವನ್ನು ಕೊಡುತ್ತದೆ. ಗೋಡೆಗೆ ಗೋಡೆ ತಾಗಿದ ಬಜಾರಿನ ಹಳೆಯ ಮನೆಗಳಲ್ಲಿ, ಒಂದೇ ಪಡಸಾಲೆಯಲ್ಲಿ ಅಜ್ಜಿಯಿಂದ ಮೊಮ್ಮಗುವಿನವರೆಗೆ ಮಲಗುವ ಕುಟುಂಬಕ್ಕೆ ಅದೇ ಆದೇಶ ಬೀದಿಯ ಭೇಟಿಯನ್ನು ಕಡಿಮೆ ಮಾಡಿ ಮನೆಯೊಳಗಿನ ಭೇಟಿಯನ್ನು ಹೆಚ್ಚಿಸುತ್ತದೆ. ಉಸಿರಿನ ರೋಗ ಬಯಲಿಗಿಂತ ಮುಚ್ಚಿದ ಕೋಣೆಯಲ್ಲಿ ಬಹು ಸುಲಭವಾಗಿ ದಾಟುತ್ತದೆಂಬುದನ್ನು ನೆನೆದರೆ, ಮಕ್ಕಳನ್ನು ಬಯಲಿನಿಂದ ಅಟ್ಟಿ ಕೋಣೆಗೆ ಕಳಿಸಿದ ನಿಯಮಗಳು ಮರುಪರಿಶೀಲನೆಗೆ ಯೋಗ್ಯವೆಂದು ಹೇಳಲೇಬೇಕಾಗುತ್ತದೆ. ವಿಶಾಲ ಮೈದಾನಗಳಿಗೆ ಕೊರತೆಯಿಲ್ಲದ ಕ್ಯಾಂಪಿನಲ್ಲಿ ಅಂಥ ನಿಯಮಕ್ಕೆ ಹೆಚ್ಚಿನ ಸಮರ್ಥನೆಯೂ ಇರಲಿಲ್ಲ.

ಖಾನಾಪುರದ ಕಥೆ ಬೇರೆ. ಈ ತಾಲೂಕಿನ ಮೂಲಕ ಗೋವಾಕ್ಕೆ ಎರಡು ಮುಖ್ಯ ರಸ್ತೆಗಳು ಇಳಿಯುತ್ತವೆ. ಜಾಂಬೋಟಿ, ಕಣಕುಂಬಿಗಳನ್ನು ಹಾಯ್ದು ಚೋರ್ಲಾ ಘಾಟಿನಲ್ಲಿ ಇಳಿಯುವುದು ಒಂದು, ಲೋಂಡಾದ ಕಡೆಯಿಂದ ಅನಮೋಡ ಘಾಟಿನಲ್ಲಿ ಇಳಿಯುವುದು ಇನ್ನೊಂದು. ಗೋವಾದ ಅಡುಗೆಮನೆಗಳಿಗೆ ಬೇಕಾದ ಕಾಯಿಪಲ್ಲೆ ಮತ್ತು ಹಾಲಿನ ದೊಡ್ಡ ಪಾಲು ಬೆಳಗಾವಿಯಿಂದ ದಿನವೂ ಈ ಘಾಟುಗಳ ಮೂಲಕವೇ ಸಾಗುತ್ತದೆ. ಎದುರು ದಿಕ್ಕಿನಲ್ಲಿ, ಗೋವಾದ ಕಟ್ಟಡ ಕೆಲಸಕ್ಕೆ, ಬಂದರಿಗೆ, ಮೀನುಗಾರಿಕೆಗೆ, ಹೋಟೆಲುಗಳಿಗೆ ಉತ್ತರ ಕರ್ನಾಟಕದ ಸಾವಿರಾರು ಕೂಲಿಕಾರರು ಹೋಗಿ ದುಡಿಯುತ್ತಾರೆ. ಪುಣೆ, ಮುಂಬಯಿಗಳಿಗೆ ಹೋದವರೂ ಖಾನಾಪುರದ ಹಳ್ಳಿಹಳ್ಳಿಯಲ್ಲಿದ್ದಾರೆ. 2020ರ ಮಾರ್ಚ್ ಕೊನೆಯಲ್ಲಿ ಗೋವಾ ತನ್ನ ಗಡಿಯನ್ನೂ ಅಂಗಡಿಗಳನ್ನೂ ಒಟ್ಟಿಗೆ ಮುಚ್ಚಿದಾಗ ಘಾಟಿನ ಮೇಲೆ ತರಕಾರಿ ಬೆಳೆದವನಿಗೆ ಮಾರುಕಟ್ಟೆ ಇಲ್ಲವಾಯಿತು, ಘಾಟಿನ ಕೆಳಗೆ ತಿನ್ನುವವನಿಗೆ ತರಕಾರಿ ಇಲ್ಲವಾಯಿತು. ಕೆಲವೇ ದಿನಗಳಲ್ಲಿ ಸರಕು ವಾಹನಗಳಿಗೆ ದಾರಿ ಬಿಡಬೇಕಾಯಿತು. ಕೂಲಿಕಾರನಿಗೆ ಮಾತ್ರ ದಾರಿ ಅಷ್ಟು ಬೇಗ ತೆರೆಯಲಿಲ್ಲ.

ದುಡಿಮೆ ನಿಂತ ಊರಿನಲ್ಲಿ ಬಾಡಿಗೆ ಕೋಣೆಯಲ್ಲಿ ವಾರಗಟ್ಟಲೆ ಕೂತವನು ಮೊದಲು ಉಳಿತಾಯ ಕಳೆದುಕೊಂಡನು, ಆಮೇಲೆ ಊರಿನ ದಾರಿ ಹಿಡಿದನು. ಇತ್ತ ಗಡಿಯ ಹಲವು ಹಳ್ಳಿಗಳು ದಾರಿಗೆ ಮುಳ್ಳುಕಂಟಿ ಎಳೆದು, ಕಲ್ಲುಗುಂಡು ಉರುಳಿಸಿ ಊರಿಗೆ ತಾವೇ ಬೇಲಿ ಹಾಕಿಕೊಂಡಿದ್ದವು. ಮೇ ತಿಂಗಳಿನಲ್ಲಿ ಅಂತಾರಾಜ್ಯ ಪ್ರಯಾಣಕ್ಕೆ ಅವಕಾಶವಾಗಿ, ಸೇವಾ ಸಿಂಧು ಜಾಲತಾಣದಲ್ಲಿ ಪಾಸು ಪಡೆದು ಜನ ಮರಳತೊಡಗಿದಾಗ, ಮಹಾರಾಷ್ಟ್ರದಿಂದ ಬಂದವರಲ್ಲಿ ಸೋಂಕು ಹೆಚ್ಚಾಗಿ ಕಂಡಿತು. ಶಾಲೆಗಳು, ವಸತಿನಿಲಯಗಳು ಕ್ವಾರಂಟೈನ್ ಕೇಂದ್ರಗಳಾದವು. ಕ್ವಾರಂಟೈನ್ ಎಂದರೆ ರೋಗ ಇನ್ನೂ ದೃಢಪಡದ, ಆದರೆ ಸೋಂಕಿತರ ಸಂಪರ್ಕಕ್ಕೆ ಬಂದಿರಬಹುದಾದವರನ್ನು ನಿಗದಿತ ಅವಧಿಗೆ ಬೇರೆ ಇರಿಸುವುದು. ಇಲ್ಲಿ ಒಂದು ಕಠಿಣ ಸತ್ಯವನ್ನು ಒಪ್ಪಿಕೊಳ್ಳಬೇಕಾಗುತ್ತದೆ. ಮಾರ್ಚ್ ಕೊನೆಯಲ್ಲಿ ಸೋಂಕು ಇನ್ನೂ ವಿರಳವಾಗಿದ್ದಾಗ ಈ ದುಡಿಯುವ ಜನ ಊರಿಗೆ ಮರಳಿದ್ದರೆ ತಮ್ಮೊಡನೆ ರೋಗವನ್ನು ತರುವ ಸಾಧ್ಯತೆ ಬಹಳ ಕಡಿಮೆಯಿತ್ತು. ಮುಂಬಯಿಯ ಇಕ್ಕಟ್ಟಿನ ಚಾಳುಗಳಲ್ಲಿ ಎರಡು ತಿಂಗಳು ಕೂಡಿಹಾಕಿದ ಮೇಲೆ ಮರಳಿದಾಗ ಆ ಸಾಧ್ಯತೆ ಎಷ್ಟೋ ಪಟ್ಟು ಹೆಚ್ಚಾಗಿತ್ತು. ಹಸಿವು ತಡೆಯಲಾಗದೆ ಹೊರಟೇ ಹೊರಡುವ ಓಡಾಟವನ್ನು ನಿಷೇಧದಿಂದ ಮುಂದೂಡಬಹುದು, ಇಲ್ಲವಾಗಿಸಲಾಗದು. ಮತ್ತು ಹಾಗೆ ಮುಂದೂಡಿದ ಓಡಾಟ ಸೋಂಕು ತುಂಬಿದ ದಿನಗಳಿಗೆ ಹೋಗಿ ಬೀಳುತ್ತದೆ.

ಮೇ 19ರಂದು ರಾಜ್ಯದಲ್ಲಿ ಸಾರಿಗೆ ಬಸ್ಸುಗಳು ಮತ್ತೆ ಹೊರಟಾಗ ಒಂದು ಬಸ್ಸಿಗೆ 30 ಪ್ರಯಾಣಿಕರೆಂದು ಮಿತಿ ಇತ್ತು. ಆ ಮಿತಿ ಸರಿಯೇ, ಆದರೆ ಬಸ್ಸುಗಳ ಸಂಖ್ಯೆಯನ್ನು ಅದಕ್ಕೆ ತಕ್ಕಂತೆ ಹೆಚ್ಚಿಸದಿದ್ದರೆ ಉಳಿದವರು ಕ್ರೂಸರ್, ಟೆಂಪೊಗಳಲ್ಲಿ ಒತ್ತೊತ್ತಾಗಿ ಕೂತು ಹೋಗುತ್ತಾರೆಂಬುದನ್ನು ಖಾನಾಪುರ ರಸ್ತೆಯನ್ನು ಬಲ್ಲ ಯಾರಾದರೂ ಹೇಳಬಲ್ಲರು.

ಇಷ್ಟಾದರೂ ಮೊದಲ ಲಾಕ್‌ಡೌನ್ ವ್ಯರ್ಥವಾಯಿತೆಂದು ಹೇಳುವುದು ಅನ್ಯಾಯವಾದೀತು. ಆರಂಭದಲ್ಲಿ ಗಂಟಲ ದ್ರವದ ಮಾದರಿಗಳನ್ನು ಬೆಳಗಾವಿಯಿಂದ ಬೇರೆ ಊರಿನ ಪ್ರಯೋಗಾಲಯಗಳಿಗೆ ಕಳಿಸಿ ಫಲಿತಾಂಶಕ್ಕಾಗಿ ಕಾಯಬೇಕಾಗಿತ್ತು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಗೆ ಸೇರಿದ, ನಗರದಲ್ಲೇ ಇರುವ ಪಾರಂಪರಿಕ ವೈದ್ಯಕೀಯ ಸಂಸ್ಥೆಯಲ್ಲಿ ಪರೀಕ್ಷೆ ಆರಂಭವಾದದ್ದು ಆ ಲಾಕ್‌ಡೌನ್ ಗಳಿಸಿಕೊಟ್ಟ ಅವಧಿಯಲ್ಲೇ. ಆದರೆ ಅಂತರದ ನೀತಿ ಕಾಲವನ್ನು ಗಳಿಸಿಕೊಡುತ್ತದೆಯೇ ವಿನಾ ರೋಗವನ್ನು ಅಳಿಸುವುದಿಲ್ಲ. 2020ರ ಸೆಪ್ಟೆಂಬರಿನಲ್ಲಿ ನಡೆದ ರಾಜ್ಯದ ಸಮೀಕ್ಷೆ, ರಕ್ತದಲ್ಲಿನ ಪ್ರತಿಕಾಯಗಳನ್ನೂ ಆಗಿನ ಸೋಂಕನ್ನೂ ಒಟ್ಟಿಗೆ ಪರಿಶೀಲಿಸಿ, ಕರ್ನಾಟಕದ ಶೇಕಡಾ 27.3ರಷ್ಟು ಜನರಿಗೆ ಅಷ್ಟರಲ್ಲಿ ಸೋಂಕು ತಗುಲಿತ್ತೆಂದು ಅಂದಾಜು ಮಾಡಿತು. ಅದೇ ತಿಂಗಳ 23ರಂದು ಬೆಳಗಾವಿಯ ಲೋಕಸಭಾ ಸದಸ್ಯರೂ ಕೇಂದ್ರದ ರೈಲ್ವೆ ರಾಜ್ಯ ಸಚಿವರೂ ಆಗಿದ್ದ ಸುರೇಶ ಅಂಗಡಿ ಕೋವಿಡ್‌ನಿಂದ ನಿಧನರಾದರು.

ಅವರ ಸಾವಿನಿಂದ ತೆರವಾದ ಸ್ಥಾನಕ್ಕೆ ಉಪಚುನಾವಣೆ ನಡೆದದ್ದು 2021ರ ಏಪ್ರಿಲ್ 17ರಂದು, ಎರಡನೆಯ ಅಲೆ ಕಣ್ಣೆದುರೇ ಏರುತ್ತಿದ್ದಾಗ. ಖಾನಾಪುರ ಆ ಕ್ಷೇತ್ರಕ್ಕೆ ಸೇರಿಲ್ಲ, ಕ್ಯಾಂಪ್ ಸೇರಿದೆ. ಮದುವೆಗೆ ಜನರ ಲೆಕ್ಕ ಕೇಳುವ ಆಡಳಿತವೇ ಪ್ರಚಾರದ ಸಭೆಗಳಿಗೆ ಆ ಲೆಕ್ಕವನ್ನು ಬಿಗಿಯಾಗಿ ಹಚ್ಚದಿದ್ದಾಗ, ನಿಯಮದ ಮೇಲಿನ ಜನರ ನಂಬಿಕೆ ಸಡಿಲವಾಗುವುದು ಸಹಜ. ಅಂತರದ ನೀತಿ ಪೊಲೀಸರ ಲಾಠಿಗಿಂತ ಹೆಚ್ಚಾಗಿ ಆ ನಂಬಿಕೆಯ ಮೇಲೆ ನಿಂತಿರುವುದರಿಂದ ಆ ನಷ್ಟ ಸಣ್ಣದಲ್ಲ. ಮೇ 5ರಂದು ರಾಜ್ಯದಲ್ಲಿ ಒಂದೇ ದಿನ 50,112 ಪ್ರಕರಣಗಳು ವರದಿಯಾದವು.

ಈ ಅಲೆಯನ್ನು ತಡೆಯಲು ಏಪ್ರಿಲ್ 27ರ ರಾತ್ರಿಯಿಂದ ಜಾರಿಯಾದ ಕರ್ಫ್ಯೂನಲ್ಲಿ ದಿನಸಿ, ತರಕಾರಿಗಳ ಖರೀದಿಗೆ ಬೆಳಿಗ್ಗೆ 6ರಿಂದ 10ರವರೆಗೆ ಅವಕಾಶವಿತ್ತು. ಅಂಗಡಿ ತೆರೆದಿರುವ ಹೊತ್ತು ಕಡಿಮೆಯಾದಷ್ಟೂ ಓಡಾಟ ಕಡಿಮೆ ಎಂಬುದು ಈ ನಿಯಮದ ಹಿಂದಿನ ತರ್ಕ. ಆದರೆ ಮನೆಗೆ ಬೇಕಾದ ಅಕ್ಕಿ, ಎಣ್ಣೆ, ಉಳ್ಳಾಗಡ್ಡಿಗಳ ಅಗತ್ಯ ಗಡಿಯಾರ ನೋಡಿ ಕಡಿಮೆಯಾಗುವುದಿಲ್ಲ. ಮೊದಲು ಬೆಳಿಗ್ಗೆ 8ರಿಂದ ರಾತ್ರಿ 8ರವರೆಗೆ 12 ತಾಸುಗಳಲ್ಲಿ ಹಂಚಿಹೋಗುತ್ತಿದ್ದ ಗಿರಾಕಿಗಳು ನಾಲ್ಕೇ ತಾಸಿನಲ್ಲಿ ಬಂದರೆ, ಯಾವುದೇ ಗಳಿಗೆಯಲ್ಲಿ ಅಂಗಡಿಯ ಮುಂದಿರುವವರು ಮೂರು ಪಟ್ಟಾಗುತ್ತಾರೆ. ಅರ್ಧದಷ್ಟು ಜನ ಮನೆಯಲ್ಲೇ ಉಳಿದರೂ ದಟ್ಟಣೆ ಹಿಂದಿನದಕ್ಕಿಂತ ಒಂದೂವರೆ ಪಟ್ಟು. ರವಿವಾರ ಪೇಟೆ, ಖಡೇಬಜಾರ್, ಗಣಪತ ಗಲ್ಲಿಗಳ ಕಿರಿದಾದ ದಾರಿಗಳಲ್ಲಿ ಒಂಬತ್ತೂವರೆಯ ಹೊತ್ತಿಗೆ ಚೀಲ ಹಿಡಿದವರ ಗಡಿಬಿಡಿ, ಅಂಗಡಿಕಾರನ ಅವಸರದ ತೂಕ, ಹತ್ತು ಬಡಿದ ಕೂಡಲೇ ಪೊಲೀಸರ ಸೀಟಿ, ಇವುಗಳ ನಡುವೆ ಮೊಳದ ಅಂತರವೂ ಉಳಿಯುವುದು ಅಸಾಧ್ಯವಾಗಿತ್ತು. ಓಡಾಟದ ಒಟ್ಟು ಮೊತ್ತವನ್ನು ತೋರಿಸುವ ಅಂಕಿಗಳಲ್ಲಿ ಇಂಥ ದಿನ ಬಹಳ ಶಾಂತವಾದ ದಿನವಾಗಿ ಕಾಣುತ್ತದೆ. ಭೇಟಿಗಳ ಲೆಕ್ಕದಲ್ಲಿ ಅದು ಶಾಂತವಾದ ದಿನವಲ್ಲ. ಇದಕ್ಕಿಂತ ಸಗಟು ತರಕಾರಿ ವ್ಯಾಪಾರವನ್ನು ಒಂದೇ ಕಡೆಯಿಂದ ಬಿಡಿಸಿ ಬೇರೆ ಬೇರೆ ಮೈದಾನಗಳಿಗೆ ಹಂಚಿದ ಕ್ರಮ ಹೆಚ್ಚು ವಿವೇಕದ್ದಾಗಿತ್ತು, ಏಕೆಂದರೆ ಅದು ಜನರ ಅಗತ್ಯವನ್ನು ಒಪ್ಪಿಕೊಂಡು ಜಾಗವನ್ನು ಹಿಗ್ಗಿಸಿತು. ಸಮಯದ ಮಿತಿ ಆ ಅಗತ್ಯವನ್ನು ಅಲ್ಲಗಳೆದು ಜಾಗವನ್ನು ಕುಗ್ಗಿಸಿತು.

ಜನರಿಂದ ದೂರವಿರುವ ಅಂತರ ಸ್ವಲ್ಪವೂ ಉಪಯೋಗಕ್ಕೆ ಬಾರದ ರೋಗವೂ ಖಾನಾಪುರದ ಗಡಿಯಲ್ಲೇ ಇದೆ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಮಂಗನ ಕಾಯಿಲೆ ಉಣ್ಣೆಯ ಕಡಿತದಿಂದ ಹರಡುತ್ತದೆ, ಮನುಷ್ಯನಿಂದ ಮನುಷ್ಯನಿಗೆ ದಾಟುವುದಿಲ್ಲ. ಕಳೆದ ದಶಕದ ನಡುವಿನಲ್ಲಿ ಅದು ಗೋವಾದ ಸತ್ತರಿ ತಾಲೂಕಿನಲ್ಲಿ ಕಾಣಿಸಿಕೊಂಡಾಗ, ಚೋರ್ಲಾ ಘಾಟು ಇಳಿದು ಅಲ್ಲಿನ ಗೇರು ತೋಟಗಳಿಗೆ ಕೂಲಿಗೆ ಹೋಗಿದ್ದ ಬೆಳಗಾವಿ ಜಿಲ್ಲೆಯ ಕಾರ್ಮಿಕರೂ ಅದಕ್ಕೆ ಒಳಗಾದರು. ಉಣ್ಣೆಗಳ ಕಾಟ ಹೆಚ್ಚಿರುವ ಒಣ ತಿಂಗಳುಗಳೇ ಗೇರುಹಣ್ಣು ಉದುರುವ ತಿಂಗಳುಗಳು. ಕಾಡಿಗೆ ಹೋಗಬೇಡಿರೆಂಬ ಪ್ರಕಟಣೆ ಆ ಕೂಲಿಕಾರರಿಗೆ ಇಡೀ ಹಂಗಾಮಿನ ಕೂಲಿಯನ್ನು ಬಿಡಿ ಎಂದು ಹೇಳಿದಂತೆಯೇ ಆಗುತ್ತದೆ. ಉಣ್ಣೆಯನ್ನು ದೂರವಿಡಲು ಕೈಕಾಲಿಗೆ ಹಚ್ಚಿಕೊಳ್ಳುವ ಡೆಪಾ ತೈಲವನ್ನು ಆರೋಗ್ಯ ಇಲಾಖೆ ಶಿವಮೊಗ್ಗದ ಹಳ್ಳಿಗಳಲ್ಲಿ ಹಂಚುತ್ತದೆ; ಘಾಟು ಇಳಿಯುವ ಈ ಕೂಲಿಕಾರರಿಗೆ ಅದು ತಲುಪಬೇಕಾದರೆ ಎರಡು ರಾಜ್ಯಗಳ ಆರೋಗ್ಯ ಇಲಾಖೆಗಳು ಗೇರಿನ ಹಂಗಾಮಿಗೆ ಮೊದಲೇ, ಜನವರಿಯ ಒಳಗೆ, ಕಣಕುಂಬಿಯಂಥ ಗಡಿಯ ಊರಿನಲ್ಲಿ ಕೂತು ಯಾರು ಯಾವ ತೋಟಕ್ಕೆ ಹೋಗುತ್ತಾರೆಂಬ ಪಟ್ಟಿಯನ್ನು ಮಾಡಿಕೊಳ್ಳಬೇಕಾಗುತ್ತದೆ.